ಟ್ಯಾಂಕ್ ಇದ್ದ ಸೈಕಲ್

ನಾಗಲಿಂಗಯ್ಯ ಕುಳ್ಳಗಿದ್ದರು. ಅದು ಅವರ ತಪ್ಪಲ್ಲ. ಆದರೆ ಅದರಿಂದ ವ್ಯಾಪಾರಕ್ಕೆ ನಷ್ಟವೇನೂ ಆಗಿರಲಿಲ್ಲ. ಮಧುಗಿರಿಯ ಪಾವಗಡ ರಸ್ತೆಯಲ್ಲಿ ಅವರದು ಹಗ್ಗದ ಅಂಗಡಿ. ಊರಿನ ಬೇರೆ ಅಂಗಡಿಗಳಲ್ಲಿ ಹಗ್ಗವನ್ನು ಮೀಟರಿನಲ್ಲೋ ತೂಕದಲ್ಲೋ ಕೊಡಲು ಶುರುಮಾಡಿ ಎಷ್ಟೋ ವರ್ಷವಾಗಿದ್ದರೂ ಇವರಲ್ಲಿ ಮಾತ್ರ ಇವತ್ತಿಗೂ ಮಾರಿನ ಲೆಕ್ಕ. ಎರಡೂ ಕೈಯನ್ನು ಅಗಲಕ್ಕೆ ಚಾಚಿದರೆ ಈ ತುದಿಬೆರಳಿನಿಂದ ಆ ತುದಿಬೆರಳಿಗೆ ಒಂದು ಮಾರು. ಯಾರ ಕೈ ಅನ್ನುವುದು ಎಲ್ಲೂ ಬರೆದಿಲ್ಲ. ಅಂಗಡಿ ಅವರದಾದ್ದರಿಂದ ಕೈಯೂ ಅವರದೇ.

ದನ ಕಟ್ಟುವ ಕಣ್ಣಿ, ಮೂಗುದಾರ, ಬಾವಿ ಹಗ್ಗ, ಮೊರ, ಬುಟ್ಟಿ, ಕುಡುಗೋಲು, ಕೊರಳಗಂಟೆ, ಕುರಿಮಂದೆಯ ಸುತ್ತ ಕಟ್ಟುವ ಬಲೆ, ಇವೇ ಅಲ್ಲಿನ ಸಾಮಾನು. ಹೊಸದು ಅಂತ ಅಂಗಡಿಗೆ ಬಂದದ್ದು ನೈಲಾನ್ ಒಂದೇ. ಅದೂ ಬಂದು ಹಳೆಯದಾಗಿತ್ತು.

ಮಾರಿನ ವಿಚಾರದಲ್ಲಿ ಅವರ ಜೊತೆ ಬಿಡದೆ ಜಗಳವಾಡಿದವನು ಒಬ್ಬನೇ. ಶಿರಾ ತಾಲ್ಲೂಕಿನ ಹುಲಿಕುಂಟೆ ಕಡೆಯ ಹಟ್ಟಿಯ ಬೋರಣ್ಣ, ಕುರಿ ಕಾಯುವವನು. ಅಂಗಡಿಯ ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರಬೇಕಾದಷ್ಟು ಎತ್ತರದ ಆಳು. ರಾಗಿ ಕೊಯ್ಲು ಮುಗಿದ ಮೇಲೆ ಚನ್ನರಾಯನದುರ್ಗದ ಕಡೆಯ ರೈತರು ಗೊಬ್ಬರಕ್ಕೆಂದು ತಮ್ಮ ಹೊಲಗಳಲ್ಲಿ ಕುರಿಮಂದೆ ನಿಲ್ಲಿಸಿಕೊಳ್ಳುತ್ತಾರೆ. ಅಲ್ಲಿಗೆ ಕುರಿ ಹೊಡೆದುಕೊಂಡು ಹೋಗುವಾಗ ಬೋರಣ್ಣ ಪ್ರತಿ ವರ್ಷ ಮಧುಗಿರಿಯಲ್ಲಿ ಕೆಲವು ದಿನ ತಂಗಿ ಹಗ್ಗ ಕೊಳ್ಳುತ್ತಿದ್ದ. ಪ್ರತಿ ವರ್ಷ, ತನ್ನ ಕೈಯಲ್ಲೇ ಅಳೆಯಬೇಕು ಎಂದು ಹಟ ಹಿಡಿಯುತ್ತಿದ್ದ. ನಿನ್ನ ಕುರಿ ನಾನು ಎಣಿಸುತ್ತೀನಾ, ನನ್ನ ಹಗ್ಗ ನೀನ್ಯಾಕೆ ಅಳೀತೀಯ ಎಂದು ಪ್ರತಿ ವರ್ಷ ನಾಗಲಿಂಗಯ್ಯ ಕೇಳುತ್ತಿದ್ದರು. ಕೊನೆಗೆ ಬೋರಣ್ಣ ಒಂದು ಮಾರು ಕೊಸರು ಕೇಳಿ, ಅರ್ಧ ಮಾರು ಪಡೆದು, ಗೆದ್ದೆನೆಂದುಕೊಂಡು ಹೋಗುತ್ತಿದ್ದ. ಕೊಸರೂ ಕುಳ್ಳ ಮಾರಿನಲ್ಲೇ ಅಳೆದದ್ದಾದ್ದರಿಂದ ನಾಗಲಿಂಗಯ್ಯನವರೂ ಗೆದ್ದಿರುತ್ತಿದ್ದರು.

ಅಂಗಡಿಯ ಮುಂದೆ ಉದ್ದಕ್ಕೆ ಒಂದು ಕಲ್ಲಿನ ಜಗಲಿ, ಪಕ್ಕದಲ್ಲಿ ಬೇವಿನ ಮರ. ಪಾವಗಡದ ಬಸ್ಸು ಆ ಮರದ ಹತ್ತಿರವೇ ನಿಲ್ಲುತ್ತಿತ್ತು. ಬಸ್ಸಿಗೆ ಕಾಯುವವರೆಲ್ಲ ಜಗಲಿಯ ಮೇಲೆ ಕೂರುತ್ತಿದ್ದರು. ಬಸ್ಸು ತನ್ನ ಪಾಡಿಗೆ ತಡವಾಗಿ ಬರುತ್ತಿತ್ತು. ಕೂತವರು ಹೊತ್ತು ಹೋಗದೆ ಒಳಗೆ ನೋಡುತ್ತಿದ್ದರು. ನೋಡಿದವರು ಯಾವುದನ್ನಾದರೂ ಮುಟ್ಟುತ್ತಿದ್ದರು. ಮುಟ್ಟಿದವರು ಬೆಲೆ ಕೇಳುತ್ತಿದ್ದರು. ಪಾವಗಡದವರು ತೆಲುಗಿನಲ್ಲಿ ‘ಎಂತ’ ಎಂದು ಕೇಳಿದರೆ ನಾಗಲಿಂಗಯ್ಯನವರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಅವರು ಬೆಲೆ ಇಳಿಸಲು ಶುರುಮಾಡಿದ ಕೂಡಲೇ ಇವರಿಗೆ ತೆಲುಗು ಮರೆತುಹೋಗುತ್ತಿತ್ತು.

ಇಷ್ಟು ವರ್ಷದ ವ್ಯಾಪಾರಕ್ಕೆ ಕಾರಣ ತಮ್ಮ ಹಗ್ಗದ ಗಟ್ಟಿತನ ಮತ್ತು ತಮ್ಮ ಮಾತಿನ ನಯ ಎಂದು ನಾಗಲಿಂಗಯ್ಯ ನಂಬಿದ್ದರು. ಬಸ್ಸಿಗೂ ಜಗಲಿಗೂ ಅವರು ಯಾವ ಪಾಲನ್ನೂ ಕೊಟ್ಟಿರಲಿಲ್ಲ.

ಹೀಗಿರುವಾಗ ಪಾವಗಡ ರಸ್ತೆಯನ್ನು ಮಾದರಿ ರಸ್ತೆ ಮಾಡುವ ಸುದ್ದಿ ಬಂತು. ಅಂಗಡಿಯವರನ್ನೆಲ್ಲ ಕರೆದು ಸಭೆ ಮಾಡಿದರು. ನಕ್ಷೆ ಬರೆದ ಇಂಜಿನಿಯರ್ ಸ್ನೇಹಲತಾ ಅಂತ, ಕೊರಟಗೆರೆ ಕಡೆಯ ಹುಡುಗಿ. ತಾತ ಕುರಿ ಕಾಯ್ದವರು, ಅಪ್ಪ ಮೇಷ್ಟ್ರು. ಗೋಡೆಗೆ ನಕ್ಷೆ ಅಂಟಿಸಿ ನಿಧಾನವಾಗಿ ಬಿಡಿಸಿ ಹೇಳಿದಳು. ರಸ್ತೆಯ ನಡುವೆ ಡಿವೈಡರ್. ಅಂಚಿನಲ್ಲಿ, ಅಂಗಡಿಗಳ ಮುಂದೆ, ಕಲ್ಲು ಕಟ್ಟಿ ಬೇರೆ ಮಾಡಿದ ಒಂದು ಹಸಿರು ದಾರಿ. ಜೋರಾಗಿ ಹೋಗುವವರು ಆಚೆ ಹೋಗುತ್ತಾರೆ, ನಿಧಾನವಾಗಿ ಹೋಗುವವರು ನಿಮ್ಮ ಅಂಗಡಿ ಮುಂದೆ ಹೋಗುತ್ತಾರೆ, ಇದರಿಂದ ನಿಮಗೇ ಒಳ್ಳೆಯದು ಎಂದಳು. ಆ ಹಸಿರು ದಾರಿಯ ಹೆಸರು ಬೈಕ್ ಪಾತ್ ಎಂದಳು.

ರಸ್ತೆಗಳ ವಿಷಯವಾಗಿ ದೊಡ್ಡ ಪುಸ್ತಕ ಓದಿದವರಿಗೆ ಬೈಕ್ ಎಂದರೆ ಸೈಕಲ್ಲೂ ಆಗುತ್ತದಂತೆ. ಮಧುಗಿರಿಯಲ್ಲಿ ಬೈಕ್ ಎಂದರೆ ಪೆಟ್ರೋಲ್ ಕುಡಿಯುವುದು, ಸೈಕಲ್ ಎಂದರೆ ಸೈಕಲ್. ಈ ವಿಷಯದಲ್ಲಿ ಅವಳಿಗೂ ಅನುಮಾನವಿರಲಿಲ್ಲ, ಸಭೆಗೂ ಅನುಮಾನವಿರಲಿಲ್ಲ. ಆದ್ದರಿಂದ ಯಾರೂ ಯಾರನ್ನೂ ಕೇಳಲಿಲ್ಲ.

ಅಂಗಡಿಯವರೆಲ್ಲ ಎದ್ದು ವಿರೋಧಿಸಿದರು. ಲಾರಿ ನಿಲ್ಲಿಸುವುದೆಲ್ಲಿ, ಮೂಟೆ ಇಳಿಸುವುದೆಲ್ಲಿ ಎಂದು ಕೂಗಾಡಿದರು. ನಾಗಲಿಂಗಯ್ಯ ಮಾತ್ರ ಕೂತಲ್ಲೇ ಮನಸ್ಸಿನಲ್ಲಿ ತೂಗುತ್ತಿದ್ದರು. ಲಾರಿ ಕಾರು ಆಚೆಗೆ ಹೋದರೆ ಹೋಗಲಿ. ಬೈಕಿನವರು ಅಂಗಡಿಯ ಬಾಗಿಲಿಗೇ ಬರುತ್ತಾರೆ. ಬೈಕ್ ಇಟ್ಟವನ ಜೇಬಿನಲ್ಲಿ ಪೆಟ್ರೋಲಿಗೆ ಅಂತ ಇಟ್ಟುಕೊಂಡದ್ದಾದರೂ ಇರುತ್ತದೆ. ಅವರು ಎದ್ದು ನಿಂತು, ಈ ಯೋಜನೆಗೆ ತಮ್ಮ ಪೂರ್ಣ ಒಪ್ಪಿಗೆ ಇದೆ ಎಂದರು. ಸ್ನೇಹಲತಾ ಕೈ ಮುಗಿದಳು. ಹಿರಿಯರು ಅರ್ಥ ಮಾಡಿಕೊಂಡರಲ್ಲ, ಅಷ್ಟೇ ಸಾಕು ಎಂದಳು. ಅಕ್ಕಪಕ್ಕದ ಅಂಗಡಿಯವರು ನಾಗಲಿಂಗಯ್ಯನವರ ಹತ್ತಿರ ಬಹಳ ದಿನ ಮಾತು ಬಿಟ್ಟರು. ಇವರಿಗೆ ಅದರಿಂದ ಬಿಡುವು ಸಿಕ್ಕಿತು.

ರಸ್ತೆ ಅಗೆದರು, ಮುಚ್ಚಿದರು, ಮುಚ್ಚಿದ್ದನ್ನೇ ಇನ್ನೊಮ್ಮೆ ಅಗೆದರು. ಬೇವಿನ ಮರ ಉಳಿಯಿತು, ಬಸ್ಸು ಹೋಯಿತು. ಸರ್ಕಲ್ಲಿನ ಆಚೆ ಸ್ಟೀಲಿನ ಬೆಂಚು ಹಾಕಿದ ತಂಗುದಾಣ ಎದ್ದಿತು. ಅಂಗಡಿಯ ಮುಂದೆ ಮೋರಿಯ ಮೇಲಿನ ಚಪ್ಪಡಿ, ಅದರ ಪಕ್ಕದಲ್ಲೇ ಹಸಿರು ದಾರಿ, ದಾರಿಗೆ ಆಚೆ ಕಡೆ ಮೊಣಕಾಲೆತ್ತರದ ಕಲ್ಲಿನ ಅಂಚು, ಅದರಾಚೆ ಟಾರು. ಎಲ್ಲ ನಕ್ಷೆಯಲ್ಲಿದ್ದ ಹಾಗೇ ಬಂತು. ಬಾಕಿ ಉಳಿದದ್ದು ಬರಹ.

ಬರೆಯಲು ಬಂದವನು ಊರಿನ ಬೋರ್ಡ್ ಪೇಂಟರ್ ಅಂಜಿನಮೂರ್ತಿ. ಬೇವಿನ ನೆರಳಿನಲ್ಲಿ ಡಬ್ಬಿಗಳನ್ನಿಟ್ಟು, ಒಂದು ಕಾಗದ ಮತ್ತು ಸೈಕಲ್ ಆಕಾರಕ್ಕೆ ಕತ್ತರಿಸಿದ ಒಂದು ತಗಡನ್ನು ಹಿಡಿದು ಬಹಳ ಹೊತ್ತು ನಿಂತ. ಕಾಗದದಲ್ಲಿ ಇಂಗ್ಲಿಷಿನಲ್ಲಿ ಬೈಕ್ ಎಂದಿತ್ತು. ತಗಡಿನಲ್ಲಿ ಸೈಕಲ್ ಇತ್ತು. ಕನ್ನಡದಲ್ಲಿ ಬರಿ ಎಂದಿದ್ದರು, ಏನನ್ನು ಎಂದು ಹೇಳಿರಲಿಲ್ಲ.

“ಯಜಮಾನ್ರೇ, ನೀವು ಮೀಟಿಂಗಲ್ಲಿದ್ರಲ್ಲ. ಇದು ಬೈಕೋ ಸೈಕಲ್ಲೋ?” ಎಂದು ಕೇಳಿದ.

ಆ ಗಳಿಗೆಯಲ್ಲಿ ನಾಗಲಿಂಗಯ್ಯನವರಿಗೆ ಒಂದು ಸಣ್ಣ ಅನುಮಾನ ಬಂದದ್ದು ನಿಜ. ತಗಡಿನ ಕಡೆ ನೋಡಿದರು. ಪೆಡಲ್ ಸ್ಪಷ್ಟವಾಗಿ ಕಾಣುತ್ತಿತ್ತು. ಆಮೇಲೆ ತಮ್ಮ ಖಾಲಿ ಜಗಲಿಯ ಕಡೆ ನೋಡಿದರು. ಅನುಮಾನವನ್ನು ಬೆಳೆಯಲು ಬಿಡಲಿಲ್ಲ.

“ಬೈಕ್ ಅಂದ್ರೆ ಬೈಕೇ ಕಣಪ್ಪ. ಆಯಮ್ಮನ ಬಾಯಲ್ಲೇ ಕೇಳಿವ್ನಿ. ಅಂಗೇ ಬರಿ.”

“ತಗಡಲ್ಲಿ ಪೆಡಲ್ ಐತಲ್ಲ?”

“ತಗಡು ಕತ್ತರ್ಸಿದೋನಿಗೇನು ಗೊತ್ತು? ಮೇಲೊಂದು ಟ್ಯಾಂಕ್ ಬರಿ, ಸರಿಹೋಗುತ್ತೆ.”

ಅಂಜಿನಮೂರ್ತಿ ಕೈಕೆಲಸದಲ್ಲಿ ಶ್ರದ್ಧೆ ಇದ್ದವನು. ಸರ್ಕಲ್ಲಿನಿಂದ ಊರಾಚೆಯವರೆಗೆ ಪ್ರತಿ ಸೈಕಲ್ಲಿಗೂ ಬಿಳಿ ಬಣ್ಣದಲ್ಲಿ ಒಂದು ಪೆಟ್ರೋಲ್ ಟ್ಯಾಂಕ್ ಕೂರಿಸಿದ. ಟ್ಯಾಂಕ್ ಬಂದ ಮೇಲೆ ಹಿಂದುಗಡೆ ಬೋಳಾಗಿ ಕಂಡಿತೆಂದು ಸೈಲೆನ್ಸರನ್ನೂ ಹಾಕಿದ. ಕೆಳಗೆ ದೊಡ್ಡದಾಗಿ ‘ಬೈಕ್ ಪಥ’ ಎಂದು ಬರೆದ. ಅಕ್ಷರಗಳು ದುಂಡಗಿದ್ದವು.

ಬೈಕಿನವರು ಮರುದಿನವೇ ಬಂದರು. ನಾಗಲಿಂಗಯ್ಯ ಅಂದುಕೊಂಡದ್ದಕ್ಕಿಂತ ಹೆಚ್ಚೇ ಬಂದರು. ಸಿಗ್ನಲ್ ಇಲ್ಲ, ಲಾರಿ ಇಲ್ಲ, ಹಂಪ್ ಇಲ್ಲ, ಹೆಸರೂ ತಮ್ಮದೇ. ಇಂಥ ದಾರಿಯನ್ನು ಸರ್ಕಾರ ತಮಗಾಗಿ ಮಾಡಿಕೊಡುತ್ತದೆಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ. ಅಂಗಡಿಯ ಮುಂದೆಯೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಬರ್ರೆಂದು ಹೋದರು. ಯಾರೂ ನಿಲ್ಲಲಿಲ್ಲ. ಒಬ್ಬ ನಿಲ್ಲಬೇಕೆಂದರೂ ಹಿಂದಿನವನು ಹಾರನ್ ಒತ್ತುತ್ತಿದ್ದ. ಸೈಕಲ್ಲಿನ ಶಾಲೆ ಹುಡುಗಿಯರು ಗೊತ್ತಿಲ್ಲದೆ ಹಸಿರು ದಾರಿಗೆ ಬಂದರೆ, ಓದಕ್ಕೆ ಬರಲ್ವಾ ಎಂದು ಗದರಿಸಿ ಲಾರಿಗಳ ಮಧ್ಯಕ್ಕೆ ಓಡಿಸುತ್ತಿದ್ದರು. ಹುಡುಗಿಯರಿಗೆ ಓದಲು ಬರುತ್ತಿತ್ತು. ಅದೇ ತೊಂದರೆಯಾದದ್ದು.

ಜಗಲಿಗೆ ಬರಬೇಕೆಂದರೆ ಈಗ ಬೈಕುಗಳ ಸಾಲನ್ನು ದಾಟಬೇಕು. ವಾರಕ್ಕೊಮ್ಮೆ ಬರುತ್ತಿದ್ದ ಸೊಪ್ಪಿನ ಪಾಪಕ್ಕ ಕಲ್ಲಿನ ಅಂಚಿನ ಆಚೆ ನಿಂತು, ದಾಟಲು ಧೈರ್ಯ ಸಾಲದೆ, ಎಮ್ಮೆಗೊಂದು ಕಣ್ಣಿ ಎಸೀರಿ ಎಂದು ಅಲ್ಲಿಂದಲೇ ಕೂಗಿದಳು. ನಾಗಲಿಂಗಯ್ಯ ಗುರಿ ನೋಡಿ ಎಸೆದರು. ಕಣ್ಣಿ ಮಧ್ಯದಲ್ಲಿ ಹೋಗುತ್ತಿದ್ದ ಒಬ್ಬನ ಹ್ಯಾಂಡಲಿಗೆ ಸಿಕ್ಕಿಕೊಂಡು, ಹೊಸಕೆರೆ ಕಡೆ ಹೊರಟುಹೋಯಿತು. ಪಾಪಕ್ಕ ಅದು ಹೋದ ದಿಕ್ಕನ್ನು ಸ್ವಲ್ಪ ಹೊತ್ತು ನೋಡಿ, ಕಣ್ಣಿ ಚೆನ್ನಾಗಿತ್ತು ಎಂದು ಹೇಳಿ ಮನೆಗೆ ಹೋದಳು.

ಅಂಗಡಿಯ ಹಿಂದೆಯೇ ಮನೆ. ನಾಗಲಿಂಗಯ್ಯನವರ ಹೆಂಡತಿ ಕಮಲಾಕ್ಷಮ್ಮ ಮಧ್ಯಾಹ್ನ ಮಜ್ಜಿಗೆ ತಂದುಕೊಟ್ಟು, ಬಾಗಿಲಲ್ಲಿ ನಿಂತು ಬೈಕುಗಳನ್ನು ನೋಡಿದರು.

“ಬೈಕ್ನೋರು ಬರ್ತಾರೆ ಅಂದ್ರಿ. ಬಂದ್ರು. ಹೋದ್ರು,” ಎಂದು ಲೋಟ ತೆಗೆದುಕೊಂಡು ಒಳಗೆ ಹೋದರು.

ಅಂಗಡಿ ಖಾಲಿಯಾದ ಸುದ್ದಿ ತುಮಕೂರಿನಲ್ಲಿದ್ದ ಅಳಿಯ ನಾಗಭೂಷಣ್‌ಗೆ ಹೆಂಡತಿಯ ಮೂಲಕ ಮುಟ್ಟಿತು. ಒಳ್ಳೆಯ ಹುಡುಗ, ಮಾವನ ಕಷ್ಟ ಕಂಡರೆ ಸುಮ್ಮನಿರುವವನಲ್ಲ. ಒಂದು ಭಾನುವಾರ ಬಂದು, ಬೈಕ್ ಪಥದ ಪಕ್ಕದಲ್ಲಿ ಬೈಕ್ ಶೋರೂಮ್ ಮಾಡೋಣ, ಇದಕ್ಕಿಂತ ಒಳ್ಳೆ ಜಾಗ ಯಾರಿಗೆ ಸಿಗುತ್ತೆ ಮಾವ ಎಂದ. ಜಾಗ ಬಾಡಿಗೆಗೆ ಹಿಡಿಯುವವರು ಗೊತ್ತಿದ್ದಾರೆ, ಯುಗಾದಿಯ ಹೊತ್ತಿಗೆ ಬಂದು ನೋಡುತ್ತಾರೆ ಎಂದ. ಜಗಲಿ ಒಡೆದು ಗಾಜು ಹಾಕಿಸಬೇಕಾಗುತ್ತದೆ. ಹಗ್ಗ ಬುಟ್ಟಿಗಳನ್ನೆಲ್ಲ ಯಾರಿಗಾದರೂ ಸಗಟು ಕೊಟ್ಟುಬಿಡಬಹುದು.

“ನಾನು?” ಎಂದು ನಾಗಲಿಂಗಯ್ಯ ಕೇಳಿದರು.

“ನಿಮಗೆ ಒಳಗೇ ಒಂದು ಕುರ್ಚಿ ಇರುತ್ತೆ ಮಾವ. ಎಸಿ ಇರುತ್ತೆ. ನೀವು ಸುಮ್ಮನೆ ಕೂತಿದ್ರೆ ಸಾಕು.”

ನಾಗಲಿಂಗಯ್ಯ ತಮ್ಮ ಎರಡು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೋಡಿಕೊಂಡರು. ಹತ್ತೊಂಬತ್ತನೇ ವಯಸ್ಸಿನಿಂದ ಆ ಕೈಗಳು ಚಾಚುವುದು ಬಿಟ್ಟರೆ ಬೇರೆ ಏನನ್ನೂ ಕಲಿತಿರಲಿಲ್ಲ. ಶೋರೂಮಿನಲ್ಲಿ ಕೈ ಚಾಚಿದರೆ ಆಕಳಿಸುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಯುಗಾದಿಯವರೆಗೆ ನೋಡೋಣ, ಅಷ್ಟರಲ್ಲಿ ಗಿರಾಕಿ ಬರದಿದ್ದರೆ ನೀನು ಹೇಳಿದ ಹಾಗೇ ಆಗಲಿ ಎಂದು ಅಳಿಯನಿಗೆ ಮಾತು ಕೊಟ್ಟರು. ಯುಗಾದಿಗೆ ಹೆಚ್ಚು ದಿನ ಇರಲಿಲ್ಲ.

ಮರುದಿನ ರಸ್ತೆಯ ಕಚೇರಿಗೆ ಹೋಗಿ ಬರಹ ಬದಲಾಯಿಸಬೇಕೆಂದು ಕೇಳಿದರು. ಅಲ್ಲಿದ್ದ ಗುಮಾಸ್ತ ನಕ್ಷೆ ತೆಗೆದು ಬೆರಳಿಟ್ಟು ತೋರಿಸಿದ. ನಕ್ಷೆಯಲ್ಲಿ ಬೈಕ್ ಎಂದಿದೆ, ರಸ್ತೆಯಲ್ಲೂ ಬೈಕ್ ಎಂದಿದೆ, ತಪ್ಪೆಲ್ಲಿ? ಅಲ್ಲದೆ ಇಡೀ ರಸ್ತೆಯಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟವರು ನೀವೊಬ್ಬರೇ ಎಂದ. ಟ್ಯಾಂಕಿನ ವಿಷಯ ಅವನಿಗೆ ಗೊತ್ತಿರಲಿಲ್ಲ. ನಾಗಲಿಂಗಯ್ಯ ಹೇಳಲೂ ಇಲ್ಲ. ಹೇಳಿದರೆ ಟ್ಯಾಂಕ್ ಯಾರು ಹೇಳಿಕೊಟ್ಟರೆಂಬ ಪ್ರಶ್ನೆ ಬರುತ್ತದೆ, ಅಳತೆಯಲ್ಲಾಗಲಿ ಮಾತಿನಲ್ಲಾಗಲಿ ತಪ್ಪು ಒಪ್ಪಿಕೊಂಡ ಅಭ್ಯಾಸ ಅವರಿಗಿರಲಿಲ್ಲ.

ಆ ಸಲ ಬೋರಣ್ಣ ಬಂದದ್ದು ತಡವಾಗಿ. ಊರಾಚೆ ಒಂದು ಹೊಲದಲ್ಲಿ ಮಂದೆ ಹಾಕಿದ್ದ. ಮೇಯಿಸಲು ಕೆರೆಯಂಗಳಕ್ಕೆ ಹಿಂದಿನ ಬಂಡಿದಾರಿಯಲ್ಲಿ ಹೋಗಿಬರುತ್ತಿದ್ದ. ಒಂದು ಬೆಳಿಗ್ಗೆ ಬಲೆಗೆ ಹಗ್ಗ ಬೇಕಾಗಿ, ಕುರಿಗಳನ್ನೆಲ್ಲಿ ಬಿಡುವುದೆಂದು ತಿಳಿಯದೆ, ಇಡೀ ಹಿಂಡನ್ನು ಹೊಡೆದುಕೊಂಡು ಪಾವಗಡ ರಸ್ತೆಗೇ ಬಂದ. ನಡುವೆ ಡಿವೈಡರ್, ಎರಡು ಕಡೆ ಲಾರಿ. ಅಂಚಿನಲ್ಲಿ ಕಲ್ಲು ಕಟ್ಟಿದ ಹಸಿರು ದಾರಿ. ಕುರಿಗಳಿಗೆ ಅದನ್ನು ಯಾರೂ ತೋರಿಸಬೇಕಾಗಲಿಲ್ಲ. ಹಸಿರು ಅನ್ನುವುದೂ ಒಂದು ಕಾರಣವಿರಬಹುದು.

ಬಯಲಿನಲ್ಲಿ ಕುರಿಹಿಂಡು ಒಂದು ಕಣದಷ್ಟು ಜಾಗದಲ್ಲಿ ಮುಗಿದುಹೋಗುತ್ತದೆ. ಇಕ್ಕಟ್ಟಿನ ದಾರಿಗೆ ಹಾಕಿದರೆ ಅದೇ ಹಿಂಡು ಹಗ್ಗ ಹೊಸೆದ ಹಾಗೆ ಉದ್ದವಾಗುತ್ತಾ ಹೋಗುತ್ತದೆ. ಮುಂದಿನ ಟಗರು ಸರ್ಕಲ್ ಮುಟ್ಟಿದಾಗ ಹಿಂದಿನ ಮರಿಗಳು ಇನ್ನೂ ಪೆಟ್ರೋಲ್ ಬಂಕಿನ ಹತ್ತಿರವಿದ್ದವು. ಅವುಗಳ ಹಿಂದೆ ಆಫೀಸಿಗೆ, ಕಾಲೇಜಿಗೆ, ಬ್ಯಾಂಕಿಗೆ ಹೊರಟಿದ್ದ ಬೈಕುಗಳೆಲ್ಲ ಒಂದರ ಹಿಂದೊಂದು ನಿಂತವು. ಎಡಕ್ಕೆ ಮೋರಿ, ಬಲಕ್ಕೆ ಕಲ್ಲು, ಮುಂದೆ ಕುರಿ. ಹಾರನ್ ಒತ್ತಿ ನೋಡಿದರು. ಕುರಿಗಳು ಹಾರನ್ನನ್ನು ತಮಗೆ ಸಂಬಂಧಿಸಿದ್ದೆಂದು ತಿಳಿಯಲಿಲ್ಲ. ಕೊನೆಗೆ ಇಂಜಿನ್ ಆರಿಸಿ, ಕಾಲೂರಿ, ಹೊತ್ತು ಹೋಗದೆ, ಪಕ್ಕಕ್ಕೆ ತಿರುಗಿ ಅಂಗಡಿಯೊಳಗೆ ನೋಡತೊಡಗಿದರು.

ಒಬ್ಬ ಮೇಷ್ಟ್ರು ಗಾಡಿಗೆ ಸ್ಟ್ಯಾಂಡ್ ಹಾಕಿ ಜಗಲಿ ಹತ್ತಿ, ಒಂದು ಮೊರವನ್ನು ಬೆರಳಿನಿಂದ ತಟ್ಟಿ ನೋಡಿ, ಬೆಲೆ ಕೇಳಿದರು. ಇನ್ನೊಬ್ಬ ಬೀಗದ ಕೈಗೆ ಕಟ್ಟಲು ಸಣ್ಣ ಕೊರಳಗಂಟೆ ಇದೆಯಾ ಎಂದ. ಎಷ್ಟೋ ದಿನದ ಮೇಲೆ ನಾಗಲಿಂಗಯ್ಯನವರಿಗೆ ‘ನಿಮಗೆ ಅಂತ ಹೇಳ್ತಿದೀನಿ’ ಎಂದು ಶುರುಮಾಡುವ ಅವಕಾಶ ಸಿಕ್ಕಿತು.

ಬೋರಣ್ಣ ತಲೆ ಬಗ್ಗಿಸಿ ಒಳಗೆ ಬರುವ ಹೊತ್ತಿಗೆ ಅವರು ಮೂಢರಂತೆ ಬಾಗಿಲ ಕಡೆ ನೋಡುತ್ತಾ ನಿಂತಿದ್ದರು. ಆ ಸ್ನೇಹಲತಾ ಸಭೆಯಲ್ಲಿ ಹೇಳಿದ್ದು ಈಗ ಕಿವಿಗೆ ಬಿದ್ದಂತಾಗಿತ್ತು. ನಿಧಾನವಾಗಿ ಹೋಗುವವನೇ ಗಿರಾಕಿ. ಜೇಬಿನಲ್ಲಿ ಏನಿದೆ ಅನ್ನುವುದು ಆಮೇಲಿನ ಮಾತು. ಮೊದಲು ಅವನು ನಿಲ್ಲಬೇಕು. ಬಸ್ಸಿಗೆ ಕಾಯುವವರು ನಿಂತಿದ್ದರು, ಅದಕ್ಕೇ ಅಂಗಡಿ ನಿಂತಿತ್ತು. ಇದನ್ನು ಯಾರಿಗೂ ಹೇಳಬಾರದೆಂದು ಕೂಡ ಅವರಿಗೆ ಆ ಗಳಿಗೆಯಲ್ಲೇ ಹೊಳೆಯಿತು.

ಬೋರಣ್ಣನಿಗೆ ನೀರು ಕೊಟ್ಟು, ಕುರಿಗಳ ಯೋಗಕ್ಷೇಮ ಕೇಳಿದರು. ಇಂಥದ್ದನ್ನು ಅವರು ಹಿಂದೆ ಕೇಳಿದವರಲ್ಲವಾದ್ದರಿಂದ ಬೋರಣ್ಣ ಲೋಟವನ್ನು ಅರ್ಧದಲ್ಲೇ ಇಳಿಸಿದ. ಆಮೇಲೆ ನಾಗಲಿಂಗಯ್ಯ ವಿಷಯಕ್ಕೆ ಬಂದರು. ಆ ಹಿಂದಿನ ಬಂಡಿದಾರಿ ಕಲ್ಲುಮುಳ್ಳು, ಕುರಿಗಳ ಗೊರಸು ಸವೆಯುತ್ತದೆ; ಇನ್ನು ಕೆಲವು ದಿನ ಬೆಳಿಗ್ಗೆ ಹೋಗುವಾಗಲೂ ಸಾಯಂಕಾಲ ಬರುವಾಗಲೂ ಈ ಹಸಿರು ದಾರಿಯಲ್ಲೇ ಹೊಡೆದುಕೊಂಡು ಬಂದರೆ ಕುರಿಗೂ ಹಿತ ಎಂದರು.

ಬೋರಣ್ಣ ಹೊರಗೆ ನಿಂತ ಬೈಕುಗಳನ್ನು ನೋಡಿದ, ಜಗಲಿಯ ಮೇಲಿನ ಮೇಷ್ಟ್ರನ್ನು ನೋಡಿದ, ನಾಗಲಿಂಗಯ್ಯನವರನ್ನು ನೋಡಿದ.

“ಕುರಿಗ್ ಇತವೋ, ನಿಮಗ್ ಇತವೋ?”

“ಇಬ್ರಿಗೂ ಅಂತಿಟ್ಕೋ.”

“ಅಂಗಾರೆ ನಂಗೇನು ಇತ ಸಾವ್ಕಾರ್ರೇ?”

ನಾಗಲಿಂಗಯ್ಯ ಒಂದು ಮಾರು ಕೊಸರು ಕೊಡುತ್ತೇನೆ ಎಂದರು. ಬೋರಣ್ಣ ತಲೆಯಾಡಿಸಿದ. ಎರಡು ಎಂದರು. ಬೋರಣ್ಣ ಗೋಣಿಚೀಲದ ಮೇಲೆ ನೆಮ್ಮದಿಯಾಗಿ ಕೂತುಕೊಂಡ.

“ಕೊಸ್ರು ನೀವೇ ಇಟ್ಕಳಿ. ಈ ಸಲ ಅಗ್ಗ ನನ್ ಮಾರಲ್ಲಿ ಅಳೀಬೇಕು. ನನ್ ಕೈಯಾಗೆ, ನಾನೇ. ಒಪ್ಪಂಗಿದ್ರೆ ನಾಳೆಯಿಂದ ಕುರಿ ಇದೇ ದಾರಿ. ಇಲ್ಲಾಂದ್ರೆ ಬುಡಿ, ಬಂಡಿದಾರಿನೇ ಚೆಂದಾಗೈತೆ.”

ನಾಗಲಿಂಗಯ್ಯ ಒಳಮನೆಗೆ ಹೋದರು. ಕಮಲಾಕ್ಷಮ್ಮ ಒಲೆಯ ಮುಂದೆ ಕೂತೇ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಇಷ್ಟು ವರ್ಷ ಯಾರಿಗೂ ಬಿಟ್ಟುಕೊಟ್ಟವನಲ್ಲ, ಮಾರು ಹೋದರೆ ಅಂಗಡಿ ಹೋದ ಹಾಗೆ ಎಂದು ಇವರು ಗೊಣಗಿದರು. ಅಂಗಡಿ ಹೋದರೆ ಮಾರು ಇಟ್ಟುಕೊಂಡು ಶೋರೂಮಿನ ಎಸಿಗೆ ತೋರಿಸ್ತೀರಾ ಎಂದು ಕಮಲಾಕ್ಷಮ್ಮ ಕೇಳಿದರು. ನಾಗಲಿಂಗಯ್ಯ ಹೊರಗೆ ಬಂದು, ಒಪ್ಪಿದೆ, ಆದರೆ ಬೈಕಿನವರು ಈ ದಾರಿ ಬಿಟ್ಟ ಮೇಲೆಯೇ ಅಳತೆ ಎಂದರು. ಅಲ್ಲಿಯವರೆಗೆ ಹಳೆ ಹಗ್ಗಕ್ಕೇ ಗಂಟು ಹಾಕಿಕೊಳ್ಳುತ್ತೇನೆಂದು ಬೋರಣ್ಣ ಒಪ್ಪಿದ.

ಮಾರನೆಯ ದಿನದಿಂದ ಹಿಂಡು ಎರಡು ಹೊತ್ತೂ ಬಂತು. ಬೈಕಿನವರು ಒಂದೆರಡು ದಿನ ಕಾದರು, ಆಮೇಲೆ ಒಂದೆರಡು ದಿನ ಬೈದರು, ಆಮೇಲೆ ಟಾರು ರಸ್ತೆಗೆ ಹೋದರು. ಆಚೆ ಡಾಂಬರಿನಲ್ಲಿ ಹಂಪ್ ಇದ್ದರೂ ಹಿಕ್ಕೆ ಇರಲಿಲ್ಲ. ಖಾಲಿಯಾದ ಹಸಿರು ದಾರಿಗೆ ಮೊದಲು ಸೈಕಲ್ ಹುಡುಗಿಯರು ಬಂದರು. ಕುರಿಗಳು ಅವರನ್ನು ಗದರಿಸಲಿಲ್ಲ. ಹಾಲಿನ ಕ್ಯಾನ್ ಕಟ್ಟಿಕೊಂಡವರು, ಎಳನೀರಿನ ಸೈಕಲ್ಲು, ಹುಲ್ಲಿನ ಹೊರೆ ಹೇರಿಕೊಂಡು ತಳ್ಳುತ್ತಾ ಬರುವವರು ಬಂದರು. ಹೊರೆ ಜಾರಿದರೆ ಹಗ್ಗ ಬೇಕು. ಪಾಪಕ್ಕ ದಾಟಿ ಬಂದು ಜಗಲಿಯ ಮೇಲೆ ಕೂತು, ಅವತ್ತಿನದೇ ಥರದ ಕಣ್ಣಿ ಕೊಡಿ, ಅದು ಚೆನ್ನಾಗಿ ಓಡಿತು ಎಂದಳು.

ಯುಗಾದಿಗೆ ಮುಂಚೆ ಅಳಿಯ ಶೋರೂಮಿನವರನ್ನು ಕರೆದುಕೊಂಡು ಬಂದ. ಅವರು ಬಂದದ್ದು ಸಾಯಂಕಾಲ, ಹಿಂಡು ಹಿಂದಿರುಗುವ ಹೊತ್ತಿಗೆ. ಹೊಳೆಯುವ ಬೂಟಿನ ಒಬ್ಬರು ಕಾರಿನಿಂದ ಇಳಿದು ಒಂದು ಹೆಜ್ಜೆ ಇಟ್ಟರು, ಆ ಹೆಜ್ಜೆಯನ್ನು ಎತ್ತಿ ನೋಡಿಕೊಂಡರು, ಮತ್ತೆ ಕಾರಿನಲ್ಲಿ ಕೂತರು. ಜಾಗ ಚೆನ್ನಾಗಿದೆ, ತಿಳಿಸುತ್ತೇವೆ ಎಂದರು. ತಿಳಿಸಲಿಲ್ಲ.

ಎಲ್ಲ ಮುಗಿಯಿತು ಎಂದುಕೊಂಡಾಗ ಸ್ನೇಹಲತಾ ಬಂದಳು. ಬೈಕಿನವರು ಸುಮ್ಮನೆ ಕೂತಿರಲಿಲ್ಲ. ತಮಗೆಂದು ಮಾಡಿದ ದಾರಿಯಲ್ಲಿ ಕುರಿ ಬಿಡುತ್ತಿದ್ದಾರೆಂದು ದೂರು ಕೊಟ್ಟಿದ್ದರು. ಅವಳು ಪೇಂಟರ್ ಅಂಜಿನಮೂರ್ತಿಯನ್ನೂ ಬರಹೇಳಿದ್ದಳು. ಮುಖದಲ್ಲಿ ಕೋಪವಿರಲಿಲ್ಲ, ಸುಸ್ತಿತ್ತು. ಮೊದಲು ಬೈಕು ಓಡಿತು, ಈಗ ಕುರಿ ಓಡುತ್ತಿದೆ, ಈ ಊರಿಗೆ ಈ ದಾರಿ ಹೊಂದಲಿಲ್ಲ ಎಂದು ನಾನೇ ಬರೆದುಕೊಡಬೇಕಾಗಿದೆ ಯಜಮಾನ್ರೇ ಎಂದಳು. ಅಂಚಿನ ಕಲ್ಲು ಕಿತ್ತು, ಹಸಿರು ದಾರಿಯನ್ನು ಟಾರಿಗೆ ಸೇರಿಸಿ, ರಸ್ತೆ ಅಗಲ ಮಾಡುತ್ತಾರಂತೆ. ಲಾರಿಗಳು ಜಗಲಿಯ ಪಕ್ಕದಲ್ಲೇ ಹೋಗುತ್ತವೆ.

ಜಗಲಿಯ ಮೇಲೆ ಆಗ ಪಾಪಕ್ಕ ಇದ್ದಳು, ಎಳನೀರಿನವನಿದ್ದ, ಹಿಂಡಿನ ಜೊತೆ ಬಂದಿದ್ದ ಬೋರಣ್ಣನೂ ಇದ್ದ. ನಾಗಲಿಂಗಯ್ಯ ಒಬ್ಬೊಬ್ಬರನ್ನೇ ನೋಡಿದರು. ಲಾರಿ ಬಂದರೆ ಇವರಲ್ಲಿ ಯಾರೂ ಕೂತಿರುವುದಿಲ್ಲ.

ಸ್ನೇಹಲತಾ ನೆಲದ ಮೇಲಿನ ಚಿತ್ರದ ಹತ್ತಿರ ಬಗ್ಗಿ, ಅಂಜಿನಮೂರ್ತಿಯ ಕಡೆ ತಿರುಗಿ, ಈ ಟ್ಯಾಂಕ್ ಯಾರು ಬರೆಯೋಕೆ ಹೇಳಿದ್ದು ಎಂದು ಕೇಳಿದಳು. ಅವನು ಬೇವಿನ ಮರವನ್ನು ಬುಡದಿಂದ ತುದಿಯವರೆಗೆ ನೋಡಿದ. ನಾಗಲಿಂಗಯ್ಯ ಜಗಲಿಯಿಂದ ಇಳಿದರು.

“ಪಥ ಸರಿಯಾಗೇ ಐತೆ ಕಣಮ್ಮ. ಪದ ಕೆಟ್ಟೋಗೈತೆ. ಕಲ್ಲು ಕೀಳಿಸ್ಬೇಡ, ಅಕ್ಷರ ಕೀಳಿಸು.”

“ಅಕ್ಷರ ಯಾರು ಹೇಳಿಕೊಟ್ಟಿದ್ದು?”

“ನಾನೇ.”

“ಟ್ಯಾಂಕು?”

“ಅದೂ ನಾನೇ.”

“ಸೈಲೆನ್ಸರ್?”

“ಸೈಲೆನ್ಸರ್ ಅವಂದು,” ಎಂದು ನಾಗಲಿಂಗಯ್ಯ ಅಂಜಿನಮೂರ್ತಿಯನ್ನು ತೋರಿಸಿದರು. ತಮ್ಮದಲ್ಲದ್ದನ್ನು ಹೊರುವ ಅಗತ್ಯ ಅವರಿಗೆ ಕಾಣಲಿಲ್ಲ.

ಸ್ನೇಹಲತಾ ಟ್ಯಾಂಕನ್ನೂ ಸೈಲೆನ್ಸರನ್ನೂ ಇನ್ನೊಮ್ಮೆ ನೋಡಿದಳು. ಆಮೇಲೆ, ನಕ್ಷೆಯಲ್ಲಿ ಬೈಕ್ ಎಂದು ಬರೆದದ್ದು ನಾನು, ಕುರಿ ಕಾಯ್ದ ನಮ್ಮ ತಾತನ ಹತ್ತಿರ ಇದ್ದದ್ದನ್ನು ನಾನೂ ಸೈಕಲ್ ಅಂತಲೇ ಕರೀತಿದ್ದೆ ಎಂದಳು. ಅಷ್ಟು ಹೇಳಿ ಅಂಜಿನಮೂರ್ತಿಗೆ ಟ್ಯಾಂಕ್ ಅಳಿಸಲು, ಸೈಕಲ್ ಪಥ ಎಂದು ಬರೆಯಲು ಹೇಳಿದಳು. ಕುರಿಗಳ ಕಡೆ ನೋಡಿ, ಇವುಗಳ ವಿಷಯ ನಾನು ಏನೂ ಬರೆಯೋದಿಲ್ಲ ಎಂದಳು. ಬೋರಣ್ಣ, ಯಾವ ಹಟ್ಟಿಯಮ್ಮ ನಿಮ್ಮದು ಎಂದು ವಿಚಾರಿಸಿ, ದೂರದ ನೆಂಟಸ್ತನ ಹುಡುಕಿಯೇ ಕಳಿಸಿದ.

ಅಂಜಿನಮೂರ್ತಿ ಟ್ಯಾಂಕುಗಳ ಮೇಲೆ ಹಸಿರು ಬಳಿದ. ಹಳೆಯ ಹಸಿರಿಗೂ ಹೊಸ ಹಸಿರಿಗೂ ಬಣ್ಣ ಕೂಡಲಿಲ್ಲ. ಹಾಗಾಗಿ ಪಾವಗಡ ರಸ್ತೆಯ ಸೈಕಲ್ಲುಗಳೆಲ್ಲ ಈಗಲೂ ತುಂಬು ಬಸುರಿಯರಂತೆ ಕಾಣುತ್ತವೆ.

ಇನ್ನು ಉಳಿದದ್ದು ಬೋರಣ್ಣನ ಅಳತೆ. ಕೆರೆಯಂಗಳದ ಮೇವು ಮುಗಿದಿತ್ತು. ಮಾರನೆಯ ದಿನ ಚನ್ನರಾಯನದುರ್ಗಕ್ಕೆ ಹೊರಡಬೇಕು. ಅವನು ಬೆಳಿಗ್ಗೆಯೇ ಬಂದು ಕೇಳಿದ. ಕೊಟ್ಟ ಮಾತು ಕೊಟ್ಟ ಮಾತೇ, ಆದರೆ ಬೆಳಿಗ್ಗೆ ಬೋಣಿ ಆಗಿಲ್ಲ, ನಾಲ್ಕೂವರೆಗೆ ಬಾ ಎಂದು ನಾಗಲಿಂಗಯ್ಯ ಹೇಳಿದರು. ಸಾಯಂಕಾಲ ಬೋರಣ್ಣ ಬಂದು ಅಂಗಡಿಯೊಳಗೆ ಕೈ ಚಾಚಿದರೆ ಆ ಕಡೆ ಬುಟ್ಟಿ, ಈ ಕಡೆ ಮೊರ ತಗುಲಿ ಉರುಳಿದವು. ಒಳಗೆ ನಿನ್ನ ಕೈಗೆ ಜಾಗ ಸಾಲದಪ್ಪ ಎಂದು ನಾಗಲಿಂಗಯ್ಯ ಬಹಳ ಮರ್ಯಾದೆಯಿಂದ ಅವನನ್ನು ಹೊರಗೆ ಕರೆದುಕೊಂಡು ಬಂದು, ಜಗಲಿಯ ಮುಂದಿನ ಚಪ್ಪಡಿಯ ಮೇಲೆ ನಿಲ್ಲಿಸಿದರು. ಎಡಗೈ ಜಗಲಿಯ ಮೇಲೆ, ಬಲಗೈ ಹಸಿರು ದಾರಿಯ ಮೇಲೆ. ಬೋರಣ್ಣ ಹಗ್ಗದ ತುದಿ ಹಿಡಿದು, ಜೀವಮಾನದಲ್ಲಿ ಮೊದಲ ಸಲ, ತನ್ನ ಎರಡು ಕೈಯನ್ನು ಪೂರಾ ಚಾಚಿದ. ಜಗಲಿಯ ಮೇಲಿದ್ದವರೆಲ್ಲ ಎದ್ದು ನಿಂತು ನೋಡಿದರು.

ಆಗ ಶಾಲೆ ಬಿಟ್ಟಿತು.

ಮೊದಲನೆಯ ಹುಡುಗಿ ಬೆಲ್ ಹೊಡೆದಳು. ಬೋರಣ್ಣ ಬಲಗೈ ಮಡಚಿ ದಾರಿ ಬಿಟ್ಟ.

“ಒಂದು,” ಎಂದರು ನಾಗಲಿಂಗಯ್ಯ.

“ಅದೆಂಗ್ ಒಂದು? ಇನ್ನೂ ಚಾಚ್ತಾ ಇವ್ನಿ.”

“ಇದು ಸೈಕಲ್ ಪಥ ಬೋರಣ್ಣ. ನೆಲದ ಮೇಲೆ ಬರ್ದವ್ರೆ, ನೋಡು. ಅವರಿಗೆ ಅಡ್ಡ ಬರಬಾರ್ದು.”

ಬೋರಣ್ಣ ನೆಲ ನೋಡಿದ. ಬಸುರಿ ಸೈಕಲ್ಲಿನ ಕೆಳಗೆ ದುಂಡಗೆ ಹಾಗೇ ಬರೆದಿತ್ತು. ಅವನು ಮತ್ತೆ ಕೈ ಚಾಚಿದ. ಎರಡನೆಯ ಹುಡುಗಿ ಬೆಲ್ ಹೊಡೆದಳು, ಅವಳ ಹಿಂದೆ ಮೂರನೆಯವಳು, ಅವರ ಹಿಂದೆ ಇಡೀ ಶಾಲೆ. ಬೆಲ್ ಆದಾಗೆಲ್ಲ ಬೋರಣ್ಣನ ಕೈ ಮೊಣಕೈಯವರೆಗೆ ಮಡಚಿಕೊಳ್ಳುತ್ತಿತ್ತು. ಮಡಚಿಕೊಂಡಾಗೆಲ್ಲ ನಾಗಲಿಂಗಯ್ಯ, ಬೇವಿನ ಮರಕ್ಕೆ ಒರಗಿ, ಆತುರವಿಲ್ಲದೆ ಎಣಿಸುತ್ತಿದ್ದರು.